ನಿಮ್ಮ ಮಗ ಹೇಳುವುದೂ ಅರ್ಧ ಸರಿ, ಮೇಷ್ಟ್ರೇ

(ಚಿಂತಾಮಣಿ ತಾಲ್ಲೂಕಿನ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರ ಪತ್ರದ ಸಾರ: “ನಮ್ಮ ಮನೆಗೆ ಎರಡು ದಿನಪತ್ರಿಕೆ ಬರುತ್ತವೆ. ಬಿ.ಎಸ್ಸಿ. ಓದುವ ಮಗ ಎರಡನ್ನೂ ಮುಟ್ಟುವುದಿಲ್ಲ. ಒಂದು ಆ ಪಕ್ಷದ್ದು, ಇನ್ನೊಂದು ಈ ಪಕ್ಷದ್ದು, ನನಗೆ ವಿಕಿಪೀಡಿಯ ಸಾಕು ಅನ್ನುತ್ತಾನೆ. ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶವನ್ನು ನಂಬುವುದು ಹೇಗೆ? ನಿಮ್ಮ ಸೆಪ್ಟೆಂಬರ್ ಸಂಚಿಕೆಯಲ್ಲಿ ಸರ್ ಎಂ.ವಿ. ಹುಟ್ಟಿದ್ದು 1860 ಅಂತ ಇತ್ತು. ಮಗ ಮೊಬೈಲಿನಲ್ಲಿ 1861 ತೋರಿಸಿದ. ತಾವೇ ತೀರ್ಪು ಕೊಡಬೇಕು.”)

ಮೇಷ್ಟ್ರೇ, ನಮಸ್ಕಾರ.

ಪತ್ರಿಕೆ ನಡೆಸುವವನನ್ನೇ ಕರೆದು ಪತ್ರಿಕೆಯನ್ನು ನಂಬಬಹುದಾ ಅಂತ ಕೇಳಿದರೆ ಅವನು ಯಾವ ಕಡೆ ವಾಲುತ್ತಾನೆ ಅನ್ನುವುದು ನಿಮಗೆ ಗೊತ್ತಿಲ್ಲದ್ದೇನಲ್ಲ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದೆ ಓದಿ. ಆದರೂ ಹೇಳುತ್ತೇನೆ, ನಿಮ್ಮ ಮಗನ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದರ್ಧದಲ್ಲಿ ಅವನು ಎಡವಿದ್ದಾನೆ. ಅಲ್ಲೇ ನೀವೂ ಎಡವಿದ್ದೀರಿ.

ಮೊದಲು ಸರ್ ಎಂ.ವಿ. ವಿಷಯ ಮುಗಿಸಿಬಿಡೋಣ. ಹುಟ್ಟಿದ ದಿನ ಸೆಪ್ಟೆಂಬರ್ 15, ಊರು ನಮ್ಮ ಮುದ್ದೇನಹಳ್ಳಿ. ಇಲ್ಲಿ ತಕರಾರಿಲ್ಲ. ವರ್ಷ ಮಾತ್ರ ಕೆಲವು ಕಡೆ 1860, ಕೆಲವು ಕಡೆ 1861. ಪುಸ್ತಕಗಳಲ್ಲೂ ಎರಡೂ ಸಿಗುತ್ತವೆ, ಇಂಟರ್‌ನೆಟ್‌ನಲ್ಲೂ ಎರಡೂ ಸಿಗುತ್ತವೆ. ನಾವು 1860 ಹಾಕಿದ್ದು ಒಂದು ಅಂಚೆಚೀಟಿಯ ಧೈರ್ಯದ ಮೇಲೆ. ಅವರ ಜನ್ಮಶತಮಾನೋತ್ಸವದ ಅಂಚೆಚೀಟಿ ಹೊರಬಂದಿದ್ದು 1960ರ ಸೆಪ್ಟೆಂಬರ್ 15ರಂದು. ಆಗ ಅವರಿನ್ನೂ ಇದ್ದರು. ತೀರಿಕೊಂಡಿದ್ದು 1962ರ ಏಪ್ರಿಲ್‌ನಲ್ಲಿ. ಲೆಕ್ಕದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಮನುಷ್ಯ, ತಮ್ಮ ವಯಸ್ಸಿಗೆ ಸರ್ಕಾರ ಒಂದು ವರ್ಷ ಸೇರಿಸಿದ್ದರೆ ಸುಮ್ನೆ ಇರುತ್ತಿದ್ದರಾ ಅನ್ನುವುದು ನನ್ನ ವಾದ. ಹಾಗಂತ ಅದೇ ಕೊನೇ ಮಾತೂ ಅಲ್ಲ. ನೂರಕ್ಕೆ ಕಾಲಿಟ್ಟ ಕೂಡಲೇ ಶತಮಾನೋತ್ಸವ ಶುರು ಮಾಡುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಹಾಗೆ ಮಾಡಿದ್ದರೆ 1861 ಕೂಡ ಹೊಂದುತ್ತದೆ. ಸದ್ಯಕ್ಕೆ ನಾನು 1860ರ ಕಡೆ.

ಮಗನಿಗೆ ಒಂದು ಕೆಲಸ ಹೇಳಿ. ಅವನು ತೋರಿಸಿದ 1861ರ ಪಕ್ಕ ಮೇಲ್ಗಡೆ ಒಂದು ಪುಟ್ಟ ಅಂಕಿ ಇದೆಯಾ ನೋಡಲಿ. ಇದ್ದರೆ ಅದನ್ನು ಒತ್ತಲಿ. ಯಾವ ಪುಸ್ತಕ, ಯಾವ ಪುಟ, ಯಾವ ವರ್ಷದ್ದು ಅಂತ ತೆರೆದುಕೊಳ್ಳುತ್ತದೆ. ಅದು ಗಟ್ಟಿ ಪುಸ್ತಕವಾದರೆ ನಾನು ನನ್ನ ಅಂಚೆಚೀಟಿಯನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ. ಅಂಕಿಯೇ ಇಲ್ಲ ಅಂದರೆ ಅವನ ಮೊಬೈಲಿಗಿಂತ ನನ್ನ ಚೀಟಿಗೆ ತೂಕ ಜಾಸ್ತಿ.

ಯಾರು ಬೇಕಾದರೂ ತಿದ್ದಬಹುದು ಅನ್ನುವುದು ನಿಮ್ಮ ಭಯ. ನಿಜ, 2001ರಲ್ಲಿ ಶುರುವಾದಾಗಿನಿಂದ ಅದು ಹಾಗೇ ಇದೆ. ಆದರೆ ತಿದ್ದಿದ್ದು ಅಲ್ಲಿ ನಿಲ್ಲಬೇಕಲ್ಲ? ಎಲ್ಲಾದರೂ ಪ್ರಕಟವಾಗಿರುವ ಮೂಲ ತೋರಿಸಬೇಕು, ಸ್ವಂತ ಸಂಶೋಧನೆ ತರಬಾರದು, ಒಂದು ಪಕ್ಷ ಹಿಡಿದು ಬರೆಯಬಾರದು ಅನ್ನುವ ಕಟ್ಟಳೆ ಇದೆ. ಮೂಲ ಇಲ್ಲದ ಸಾಲಿಗೆ ಯಾರೋ ಬಂದು ಉಲ್ಲೇಖ ಬೇಕು ಅಂತ ಚೀಟಿ ಅಂಟಿಸಿ ಹೋಗುತ್ತಾರೆ, ಇಲ್ಲವೇ ಸಾಲನ್ನೇ ಕಿತ್ತು ಹಾಕುತ್ತಾರೆ. ಜಗಳದ ವಿಷಯಗಳಿಗೆ ಬೀಗವನ್ನೂ ಹಾಕಿರುತ್ತಾರೆ, ಹೊಸಬರು ನೇರವಾಗಿ ಕೈ ಹಾಕುವಂತಿಲ್ಲ.

ಒಂದು ಸಲ ಕಂಪ್ಯೂಟರಿನಲ್ಲಿ ಯಾವುದಾದರೂ ಲೇಖನ ತೆರೆದು ಮೇಲ್ಗಡೆ ‘ಇತಿಹಾಸ’ ಅಂತ ಇರುವ ಕಡೆ ಒತ್ತಿ ನೋಡಿ ಮೇಷ್ಟ್ರೇ. ಹುಟ್ಟಿದ ದಿನದಿಂದ ಇವತ್ತಿನವರೆಗೆ ಯಾರು, ಎಷ್ಟು ಹೊತ್ತಿಗೆ, ಏನು ಸೇರಿಸಿದರು, ಏನು ತೆಗೆದರು ಎಲ್ಲ ಸಾಲಾಗಿ ನಿಂತಿರುತ್ತದೆ. ಎರಡು ತಾರೀಖು ಆರಿಸಿಕೊಂಡರೆ ನಡುವೆ ಬದಲಾದ ಪದಗಳನ್ನು ಬಣ್ಣ ಹಚ್ಚಿ ತೋರಿಸುತ್ತದೆ. ಪಕ್ಕದ ‘ಚರ್ಚೆ’ ಪುಟ ಇನ್ನೂ ಮಜಾ. ಅಲ್ಲಿ ಒಂದು ವಿಶೇಷಣಕ್ಕೆ ತಿಂಗಳುಗಟ್ಟಲೆ ಕಿತ್ತಾಡಿರುತ್ತಾರೆ. ಇಂಥ ಅನುಕೂಲ ನಮ್ಮ ಪತ್ರಿಕೆಗಳಲ್ಲಿ ಎಲ್ಲಿದೆ ಹೇಳಿ? ಪತ್ರಿಕೆಗಳ ವೆಬ್‌ಸೈಟಿನಲ್ಲಿ ಬೆಳಿಗ್ಗೆ ಒಂದು ತಲೆಬರಹ, ಮಧ್ಯಾಹ್ನಕ್ಕೆ ಇನ್ನೊಂದು. ಬದಲಾಯಿಸಿದ ಗುರುತು ಕೂಡ ಇರುವುದಿಲ್ಲ. ಮುಖಪುಟದಲ್ಲಿ ಬಂದ ತಪ್ಪಿಗೆ ತಿದ್ದುಪಡಿ ಬರುವುದು ಒಳಪುಟದ ಮೂಲೆಯಲ್ಲಿ, ಅದೂ ಬಂದರೆ. ಮಗನ ಅರ್ಧ ನಿಜ ಅಂದೆನಲ್ಲ, ಅದು ಇದು.

2005ರ ಡಿಸೆಂಬರ್‌ನಲ್ಲಿ ‘ನೇಚರ್’ ಅನ್ನುವ ವಿಜ್ಞಾನ ಪತ್ರಿಕೆ ಒಂದು ಪರೀಕ್ಷೆ ಮಾಡಿತ್ತು. ವಿಜ್ಞಾನದ 42 ವಿಷಯಗಳನ್ನು ಆರಿಸಿ, ವಿಕಿಪೀಡಿಯದ ಲೇಖನವನ್ನೂ ಬ್ರಿಟಾನಿಕಾ ವಿಶ್ವಕೋಶದ ಲೇಖನವನ್ನೂ ಯಾವುದು ಯಾರದು ಅಂತ ಹೇಳದೆ ತಜ್ಞರ ಕೈಗೆ ಕೊಟ್ಟಿತು. ವಿಕಿಪೀಡಿಯದಲ್ಲಿ 162 ತಪ್ಪು ಸಿಕ್ಕವು, ಬ್ರಿಟಾನಿಕಾದಲ್ಲಿ 123. ತೀರಾ ಗಂಭೀರ ತಪ್ಪುಗಳು ಎರಡರಲ್ಲೂ ನಾಲ್ಕು ನಾಲ್ಕು. ಬ್ರಿಟಾನಿಕಾದವರು ಈ ಲೆಕ್ಕವನ್ನು ಒಪ್ಪಲಿಲ್ಲ, ದೊಡ್ಡ ಜಗಳವೇ ಆಯಿತು. ನಿಮ್ಮ ಮಗ ಇದನ್ನು ಕೇಳಿದರೆ ಕುಣಿಯುತ್ತಾನೆ. ಕುಣಿಯುವ ಮುಂಚೆ ಒಂದು ಮಾತು ನೆನಪಿರಲಿ. ಅಲ್ಲಿ ಪರೀಕ್ಷೆಗೆ ಕೂತಿದ್ದು ವಿಜ್ಞಾನ. ಎಂಎಲ್‌ಎಗಳ ಮೇಲಿನ ಲೇಖನ ಅಲ್ಲ. ಅದೇ ವರ್ಷ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರಿಗೆ ಕೆನಡಿ ಹತ್ಯೆಯಲ್ಲಿ ಕೈವಾಡ ಇತ್ತೇನೋ ಅನ್ನುವ ಹಸಿ ಸುಳ್ಳು ವಿಕಿಪೀಡಿಯದಲ್ಲಿ ನಾಲ್ಕು ತಿಂಗಳು ಹಾಗೇ ಕೂತಿತ್ತು. ಜನ ಹೆಚ್ಚು ಓಡಾಡದ ಲೇಖನ, ಯಾರೂ ನೋಡಲಿಲ್ಲ.

ಈಗ ಮಗ ಎಡವಿದ ಜಾಗಕ್ಕೆ ಬರುತ್ತೇನೆ. ಅವನು ಪತ್ರಿಕೆ ಬಿಟ್ಟು ವಿಕಿಪೀಡಿಯ ಹಿಡಿದೆ ಅಂದುಕೊಂಡಿದ್ದಾನೆ. ಅದು ಆಗುವ ಮಾತಲ್ಲ. ನಮ್ಮ ಸೀಮೆಯ ಕೆರೆಗಳ ಸಾಲು ನಿಮಗೆ ಗೊತ್ತಲ್ಲ, ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರೇ ಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರುತ್ತದೆ. ವಿಕಿಪೀಡಿಯ ಕೆಳಗಿನ ಕೆರೆ. ಅದಕ್ಕೆ ಸ್ವಂತ ವರದಿಗಾರ ಇಲ್ಲ. ಜಿಲ್ಲಾ ಪಂಚಾಯಿತಿ ಸಭೆಗೆ ಹೋಗಿ ಕೂರುವವರು, ತಹಶೀಲ್ದಾರ್ ಕಚೇರಿಯಲ್ಲಿ ಕಾದು ಕಾಗದ ತರುವವರು ಅದರಲ್ಲಿ ಯಾರೂ ಇಲ್ಲ. ಇರಬಾರದು ಅನ್ನುವುದೇ ಅದರ ಕಟ್ಟಳೆ. ಇತ್ತೀಚಿನ ವಿದ್ಯಮಾನ ಏನೇ ಇರಲಿ, ಅದರ ಪುಟ್ಟ ಅಂಕಿ ಒತ್ತಿದರೆ ಬಹುಪಾಲು ತೆರೆದುಕೊಳ್ಳುವುದು ಅವನು ಮುಟ್ಟದೆ ಬಿಟ್ಟ ದಿನಪತ್ರಿಕೆಯೇ.

ಆ ಮೇಲಿನ ಕೆರೆಯಲ್ಲಿ ಏನಿರುತ್ತದೆ ಅಂತ ನಾನು ಹತ್ತಿರದಿಂದ ಬಲ್ಲೆ. ಒಂದು ಉದ್ಘಾಟನೆ ಅಂತ ಇಟ್ಟುಕೊಳ್ಳಿ. ಸಂಜೆ ಐದಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಪ್ರೆಸ್‌ನೋಟ್ ಬರುತ್ತದೆ, ಜೊತೆಗೆ ನಾಲ್ಕು ಫೋಟೋ. ತಾಲ್ಲೂಕು ವರದಿಗಾರ ಅದನ್ನೇ ಡೆಸ್ಕಿಗೆ ತಳ್ಳುತ್ತಾನೆ. ಅವನ ತಪ್ಪೂ ಪೂರ್ತಿ ಅಲ್ಲ. ಸಂಬಳ ಅಷ್ಟಕ್ಕಷ್ಟೇ, ಜಾಹೀರಾತನ್ನೂ ಅವನೇ ತರಬೇಕು, ಅದೇ ಮುಖಂಡರ ಹತ್ತಿರ. ಮಾರನೇ ದಿನ ಐದು ಪತ್ರಿಕೆಯಲ್ಲಿ ಅದೇ ಸುದ್ದಿ, ಅದೇ ಸಾಲು. ಪ್ರೆಸ್‌ನೋಟಿನಲ್ಲಿ ‘ಶಂಕುಸ್ಥಾಪನೆ’ಯ ಕೊಂಬು ಬಿಟ್ಟುಹೋಗಿದ್ದರೆ ಐದರಲ್ಲೂ ಬಿಟ್ಟುಹೋಗಿರುತ್ತದೆ. ವಿಕಿಪೀಡಿಯದಲ್ಲಿ ಯಾರೋ ಪಾಪ ಶ್ರದ್ಧೆಯಿಂದ ಐದನ್ನೂ ಮೂಲ ಅಂತ ಕೊಡುತ್ತಾರೆ. ಓದುವವನಿಗೆ ಐದು ಸಾಕ್ಷಿ. ಬರೆದ ಕೈ ಒಂದೇ.

ನೀರು ಹಿಂದಕ್ಕೆ ಹರಿಯುವುದೂ ಉಂಟು. 2009ರಲ್ಲಿ ಫ್ರೆಂಚ್ ಸಂಗೀತ ಸಂಯೋಜಕ ಮಾರಿಸ್ ಜಾರ್ ತೀರಿಕೊಂಡಾಗ ಐರ್ಲೆಂಡಿನ ಒಬ್ಬ ವಿದ್ಯಾರ್ಥಿ ವಿಕಿಪೀಡಿಯದ ಪುಟಕ್ಕೆ ಒಂದು ಸುಳ್ಳು ಮಾತನ್ನು ಸೇರಿಸಿದ, ಜಾರ್ ಅವರೇ ಆಡಿದ್ದು ಅನ್ನುವ ಹಾಗೆ. ಪತ್ರಕರ್ತರು ಏನು ಮಾಡುತ್ತಾರೆ ನೋಡೋಣ ಅನ್ನುವುದು ಅವನ ಲೆಕ್ಕಾಚಾರ. ಮೂಲ ಇಲ್ಲ ಅಂತ ವಿಕಿಪೀಡಿಯದವರು ಅದನ್ನು ಮತ್ತೆ ಮತ್ತೆ ತೆಗೆದರು. ದೊಡ್ಡ ದೊಡ್ಡ ಪತ್ರಿಕೆಗಳು ಅಷ್ಟರಲ್ಲಿ ಎತ್ತಿಕೊಂಡು ಶ್ರದ್ಧಾಂಜಲಿಯಲ್ಲಿ ಅಚ್ಚು ಹಾಕಿಬಿಟ್ಟಿದ್ದವು. ಆಮೇಲೆ ಅವನೇ ಪತ್ರ ಬರೆದು ತಿಳಿಸಬೇಕಾಯಿತು. ಇಲ್ಲಿ ಯಾರು ಹೆಚ್ಚು ಎಚ್ಚರವಾಗಿದ್ದರು ಅಂತ ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಅಂದ ಹಾಗೆ, ನೀವು ಅಪ್ಪ ಮಗ ತಿಂಡಿ ತಿನ್ನುತ್ತಾ ಆಡುವ ಜಗಳವನ್ನೇ ಅವರು ಅಲ್ಲಿ ದಿನಾ ಆಡುತ್ತಾರೆ. ಯಾವ ಪತ್ರಿಕೆಯನ್ನು ಮೂಲ ಅಂತ ಒಪ್ಪಬಹುದು, ಯಾವುದನ್ನು ಒಪ್ಪಬಾರದು ಅಂತ ಇಂಗ್ಲಿಷ್ ವಿಕಿಪೀಡಿಯದಲ್ಲಿ ಉದ್ದನೆ ಪಟ್ಟಿಯೇ ಇದೆ. 2017ರಲ್ಲಿ ಬ್ರಿಟನ್ನಿನ ‘ಡೈಲಿ ಮೇಲ್’ ಪತ್ರಿಕೆಯನ್ನು ಸಾಮಾನ್ಯವಾಗಿ ಮೂಲವಾಗಿ ಬಳಸಬಾರದು ಅಂತ ತೀರ್ಮಾನಿಸಿದರು. ಆ ಪಟ್ಟಿಯೂ ಒಂದು ಕಡೆ ವಾಲಿದೆ ಅನ್ನುವವರು ಇದ್ದಾರೆ. ಇರಲಿ, ಪಟ್ಟಿಯ ಹಿಂದಿನ ವಾದವೆಲ್ಲ ಓದಲು ಸಿಗುತ್ತದಲ್ಲ.

ಕನ್ನಡ ವಿಕಿಪೀಡಿಯದ ಮಾತು ಬೇರೆ. 2003ರಲ್ಲಿ ಶುರುವಾದ ಅದರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಇಂಗ್ಲಿಷಿನಲ್ಲಿ 65 ಲಕ್ಷ ದಾಟಿವೆ. ನಮ್ಮಲ್ಲಿ ಬಿಡುವಿನಲ್ಲಿ ಕೂತು ಬರೆಯುವವರು ಕೈಬೆರಳೆಣಿಕೆಯಷ್ಟು ಜನ, ಅವರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಕಾವಲು ಕಾಯುವವರು ಕಡಿಮೆ ಇದ್ದ ಕಡೆ ತಪ್ಪು ಜಾಸ್ತಿ ದಿನ ಬಾಳುತ್ತದೆ. ಹಿಂದೆ ಗೂಗಲ್‌ನ ಅನುವಾದ ಯೋಜನೆಯಿಂದ ಬಂದು ಕೂತ ಕೆಲವು ಲೇಖನಗಳ ಕನ್ನಡ ಓದಿದರೆ ನಿಮಗೆ ಕೆಂಪು ಪೆನ್ನು ಹುಡುಕುವ ಹಾಗೆ ಆಗುತ್ತದೆ. ಕ್ರೊಯೇಷಿಯಾದ ಭಾಷೆಯ ವಿಕಿಪೀಡಿಯವನ್ನು ಒಂದು ಬಲಪಂಥೀಯ ಗುಂಪು ಸುಮಾರು ಹತ್ತು ವರ್ಷ ತನ್ನ ಕೈಯಲ್ಲೇ ಇಟ್ಟುಕೊಂಡು ಇತಿಹಾಸವನ್ನು ತಿರುಚಿತ್ತು. ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಶನ್ ಮಾಡಿಸಿದ ಪರಿಶೀಲನೆಯೇ 2021ರಲ್ಲಿ ಅದನ್ನು ಹೇಳಿತು. ಅಂದರೆ ವಿಕಿಪೀಡಿಯ ಅನ್ನುವ ಹೆಸರು ನೋಡಿ ನಂಬುವ ಹಾಗಿಲ್ಲ. ಆ ಭಾಷೆಯಲ್ಲಿ, ಆ ಲೇಖನಕ್ಕೆ ಎಷ್ಟು ಕಣ್ಣು ಬಿದ್ದಿವೆ ಅನ್ನುವುದು ಮುಖ್ಯ.

ಇನ್ನು ಪಕ್ಷ ಕಟ್ಟಿಕೊಂಡ ಪತ್ರಿಕೆ. ಅದನ್ನು ಓದಲೇಬಾರದು ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಅದು ಹಸಿ ಸುಳ್ಳು ಬರೆಯುವುದು ಅಪರೂಪ. ಅದರ ಕೈಚಳಕ ಇರುವುದು ಯಾವುದನ್ನು ಮೇಲೆ ಹಾಕಬೇಕು, ಯಾವುದನ್ನು ಬಿಡಬೇಕು ಅನ್ನುವುದರಲ್ಲಿ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತುಂಬಿಸುವ ಯೋಜನೆಯನ್ನೇ ತೆಗೆದುಕೊಳ್ಳಿ. ಕೋಲಾರಕ್ಕೆ ಕೆ.ಸಿ. ವ್ಯಾಲಿ, ನಮ್ಮ ಕಡೆಗೆ ಎಚ್.ಎನ್. ವ್ಯಾಲಿ. 2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಜುಲೈನಲ್ಲಿ ನೊರೆ ಕಾಣಿಸಿತು. ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಅದೂ ತೆರವಾಯಿತು. ಯೋಜನೆ ತಂದವರ ಪರ ಇರುವ ಪತ್ರಿಕೆ ಬತ್ತಿದ ಕೊಳವೆ ಬಾವಿಯಲ್ಲಿ ನೀರು ಬಂದ ರೈತನ ಫೋಟೋ ಹಾಕುತ್ತದೆ. ಎದುರು ಪಾಳಯದ ಪತ್ರಿಕೆ ನೊರೆಯ ಫೋಟೋ ಹಾಕುತ್ತದೆ. ಎರಡು ಫೋಟೋವೂ ನಿಜ.

ಇಲ್ಲಿ ಓದುವವನು ಮಾಡಬೇಕಾದ ಕೆಲಸ ಒಂದಿದೆ. ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡು, ಯಾವ ಮಾತನ್ನು ಇಬ್ಬರೂ ಅಲ್ಲಗಳೆಯುವುದಿಲ್ಲ ಅಂತ ಹುಡುಕಬೇಕು. ಈ ಯೋಜನೆಯ ವಿಷಯದಲ್ಲಿ ಅಂಥ ಮಾತು ಸಿಗುತ್ತದೆ: ನೀರು ಬರುತ್ತಿರುವುದು ಎರಡನೇ ಹಂತದ ಶುದ್ಧೀಕರಣ ಮುಗಿಸಿ, ಹೋರಾಟಗಾರರು ಕೇಳುತ್ತಿರುವುದು ಮೂರನೇ ಹಂತ. ಜಗಳದ ತಿರುಳು ಅದು, ಅಲ್ವಾ? ಪರ ಇರುವ ಪತ್ರಿಕೆಯಲ್ಲಿ ಹತ್ತನೇ ಪ್ಯಾರಾದಲ್ಲಿ ‘ಮೂರನೇ ಹಂತದ ಬೇಡಿಕೆ ಇದೆ’ ಅಂತ ಒಂದು ಸಾಲು ಬಂದರೆ ಅದಕ್ಕೆ ಅಡಿಗೆರೆ ಹಾಕಿ. ತನ್ನವರಿಗೆ ಇಷ್ಟವಾಗದ ಮಾತನ್ನು ಒಂದು ಪತ್ರಿಕೆ ಒಲ್ಲದ ಮನಸ್ಸಿನಿಂದ ಅಚ್ಚು ಹಾಕಿದೆ ಅಂದರೆ ಅದು ನಂಬುವ ಮಾತು. ಯಾವ ಕಡೆಯವರು ಅಂತ ಗೊತ್ತಿರುವ ಪತ್ರಿಕೆಯಿಂದ ಇರುವ ದೊಡ್ಡ ಉಪಯೋಗ ಇದೇ.

ಇನ್ನೊಂದು ಉಪಯೋಗವೂ ಇದೆ. ಯಾವುದೇ ಪತ್ರಿಕೆಯ ಕೊನೇ ಪುಟದ ತಳದಲ್ಲಿ ಇರುವೆ ಸಾಲಿನ ಹಾಗೆ ಪುಟ್ಟ ಅಕ್ಷರಗಳಿರುತ್ತವೆ ನೋಡಿ, ಮುದ್ರಕರು, ಪ್ರಕಾಶಕರು, ಸಂಪಾದಕರು ಅಂತ. 1867ರ ಕಾಯ್ದೆಯ ಕಾಲದಿಂದ ಅದು ನಡೆದುಬಂದಿದೆ. 2024ರ ಮಾರ್ಚ್‌ನಿಂದ ಹೊಸ ಕಾಯ್ದೆ ಬಂದಿದೆ. ತಪ್ಪಾದರೆ ಬೈಯಲು, ನೋಟಿಸ್ ಕೊಡಲು ಒಬ್ಬ ಮನುಷ್ಯ ಸಿಗುತ್ತಾನೆ. ವಿಕಿಪೀಡಿಯದಲ್ಲಿ ಸಿಗುವುದು ಒಂದು ಅಡ್ಡಹೆಸರು. 2024ರಲ್ಲಿ ಎಎನ್‌ಐ ಸುದ್ದಿ ಸಂಸ್ಥೆ ತನ್ನ ಮೇಲಿನ ಲೇಖನ ಮಾನಹಾನಿ ಅಂತ ದೆಹಲಿ ಹೈಕೋರ್ಟಿಗೆ ಹೋದಾಗ ಮೊದಲು ಎದ್ದ ಪ್ರಶ್ನೆಯೇ ತಿದ್ದಿದವರು ಯಾರು ಅನ್ನುವುದು. ಆ ಕೇಸಿನ ಬಗ್ಗೆ ಬರೆದ ವಿಕಿಪೀಡಿಯ ಪುಟವನ್ನೇ ತೆಗೆಯಿರಿ ಅಂತ ಹೈಕೋರ್ಟ್ ಹೇಳಿತ್ತು. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹೆಸರು ಮುಚ್ಚಿಟ್ಟರೆ ಧೈರ್ಯವಾಗಿ ಬರೆಯಬಹುದು, ನಿಜ. ಹೊಣೆ ಹೊರುವವರು ಯಾರು ಅನ್ನುವ ಪ್ರಶ್ನೆಯೂ ನಿಜ.

ಹಾಗಾಗಿ ನನ್ನ ತೀರ್ಪು: ನಂದಿಬೆಟ್ಟದ ಎತ್ತರ, ರಕ್ತದೊತ್ತಡದ ಮಾತ್ರೆ ಹೇಗೆ ಕೆಲಸ ಮಾಡುತ್ತದೆ, ಇಂಥವಕ್ಕೆ ಮಗನ ಮೊಬೈಲು. ನಿನ್ನೆ ನಡೆದಿದ್ದಕ್ಕೆ ನಿಮ್ಮ ಎರಡು ಪತ್ರಿಕೆ, ಎರಡೂ ಬೇಕು. ಊರುಹೆಸರಿಲ್ಲದೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಸುದ್ದಿಗೆ ಇತಿಹಾಸದ ಪುಟವೂ ಇಲ್ಲ, ಕೊನೇ ಪುಟದ ಸಂಪಾದಕನೂ ಇಲ್ಲ. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಮಗನಿಗೆ ಅಷ್ಟು ಪ್ರೀತಿ ಇದ್ದರೆ ಓದುವುದರ ಜೊತೆಗೆ ಬರೆಯಲಿ. ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ, ಬಿ.ಎಲ್. ರೈಸ್ ಅವರು 1905ರಲ್ಲಿ ತಂದಿದ್ದು, ಕೋಲಾರ ಜಿಲ್ಲೆಯ ಶಾಸನಗಳದ್ದು. ನಾವು ಆಗ ಕೋಲಾರದೊಳಗೇ ಇದ್ದೆವಲ್ಲ, ಚಿಂತಾಮಣಿ ತಾಲ್ಲೂಕಿನ ಶಾಸನಗಳು ಅದರಲ್ಲೇ ಇವೆ. ನಿಮ್ಮೂರಿನದೋ ಪಕ್ಕದೂರಿನದೋ ಶಾಸನ ಇದೆಯಾ ಹುಡುಕಿ, ಪುಟಸಂಖ್ಯೆ ಸಮೇತ ಊರಿನ ಮೇಲೊಂದು ಲೇಖನ ಹಾಕಲಿ. ನಿಮ್ಮ ಮನೆಯ ಹಿರಿಯರು ಹೇಳುತ್ತಿದ್ದ ಕೆರೆಯ ಕಥೆ ಏನಾದರೂ ಇದ್ದರೆ ಅದನ್ನು ಮಾತ್ರ ಅಲ್ಲಿ ಹಾಕಲು ಬಿಡುವುದಿಲ್ಲ, ಎಲ್ಲೂ ಅಚ್ಚಾಗಿಲ್ಲ ಅಂತ ತೆಗೆದುಬಿಡುತ್ತಾರೆ. ಅದನ್ನು ನೀವು ಬರೆದು ನಮಗೆ ಕಳಿಸಿ. ಯಾರು ಹೇಳಿದ್ದು, ಯಾವಾಗ ಕೇಳಿದ್ದು ಅನ್ನುವುದೂ ಇರಲಿ. ನಿಮ್ಮ ಹೆಸರಿನಲ್ಲೇ ಹಾಕುತ್ತೇವೆ. ಸಂಚಿಕೆ ಕೈಗೆ ಬಂದ ಮೇಲೆ ಮಗ ಅದನ್ನೇ ಮೂಲ ಅಂತ ಕೊಡಲಿ. ನಮ್ಮ ಪತ್ರಿಕೆ ನಂಬಿಕಸ್ತ ಮೂಲವೋ ಅಲ್ಲವೋ ಅಂತ ಅವರು ಚರ್ಚೆ ಪುಟದಲ್ಲಿ ಜಗಳ ತೆಗೆದರೆ ಆ ಪುಟದ ಲಿಂಕ್ ನನಗೂ ಕಳಿಸಲು ಹೇಳಿ.

– ಸಂ.