ಮರದ ಗೋಡೆಗೆ ಅಡುಗೆಮನೆ ಕ್ಯಾಬಿನೆಟ್: ಭಾರ ಹೊರಬೇಕಾದ್ದು ಕಂಬ

ಪ್ರಶ್ನೆ: ಮಡಿಕೇರಿ ಹತ್ತಿರ ತೋಟದಲ್ಲಿ ಮರದ ಚೌಕಟ್ಟಿನ ಮನೆ ಕಟ್ಟಿದ್ದೇವೆ. ಒಳಗೋಡೆಗೆ 12 ಮಿ.ಮೀ. ಸಿಮೆಂಟ್ ಬೋರ್ಡ್ ಹೊಡೆದಿದೆ. ಪ್ಲಗ್ (ಸ್ಕ್ರೂ ಹಿಡಿಯಲು ರಂಧ್ರಕ್ಕೆ ತುರುಕುವ ಪ್ಲಾಸ್ಟಿಕ್ ತುಂಡು) ಹಾಕಿ ಮೇಲಿನ ಕ್ಯಾಬಿನೆಟ್ ಕೂರಿಸಿದರೆ ಸಾಕು ಎನ್ನುತ್ತಾರೆ ಬಡಗಿ. ಕೆಳಗೆ ಗ್ರಾನೈಟ್ ಬರುತ್ತದೆ. ಇದು ತಡೆಯುತ್ತದೆಯೇ?

ಉತ್ತರ: ಪ್ಲಗ್ ಮಾತ್ರ ನಂಬಿದರೆ ತಡೆಯುವುದಿಲ್ಲ. ಇಟ್ಟಿಗೆ ಗೋಡೆಯಲ್ಲಿ ಪ್ಲಗ್ ಉಬ್ಬಿ ಬಿಗಿಯುತ್ತದೆ. ನಿಮ್ಮ ಬೋರ್ಡಿನ ಹಿಂದೆ ಟೊಳ್ಳು, ಅದಕ್ಕೆ ಹಿಡಿತವೇ ಸಿಗದು. 900 ಮಿ.ಮೀ. ಅಗಲದ ಮೇಲಿನ ಕ್ಯಾಬಿನೆಟ್ಟಿಗೆ ಪಾತ್ರೆ ತುಂಬಿದರೆ 60 ಕಿಲೋ ಸುಲಭವಾಗಿ ದಾಟುತ್ತದೆ. ಅಷ್ಟನ್ನೂ ಬೋರ್ಡಿನ ಹಿಂದಿರುವ ಚೌಕಟ್ಟಿನ ಮರದ ಕಂಬಗಳೇ ಹೊರಬೇಕು.

ಮೊದಲು ಕಂಬ ಎಲ್ಲಿವೆ ಎಂದು ಗುರುತಿಸಿ. ಸಾಮಾನ್ಯವಾಗಿ ಅವುಗಳ ನಡುವಿನ ಅಂತರ 400 ಅಥವಾ 600 ಮಿ.ಮೀ. ಇರುತ್ತದೆ. ಚಿಕ್ಕ ಅಯಸ್ಕಾಂತವನ್ನು ಗೋಡೆ ಮೇಲೆ ಸವರುತ್ತ ಹೋದರೆ ಬೋರ್ಡ್ ಹೊಡೆದ ಸ್ಕ್ರೂಗಳ ಸಾಲು ಸಿಗುತ್ತದೆ, ಆ ಸಾಲೇ ಕಂಬ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಬೇಡಿ, ವೈರ್ ಸಾಮಾನ್ಯವಾಗಿ ಅಲ್ಲೇ ಹಾದಿರುತ್ತದೆ. ಬೋರ್ಡ್ ಇನ್ನೂ ಬಿಚ್ಚಲು ಆಗುವಂತಿದ್ದರೆ ಬಿಚ್ಚಿಸಿ, ಮೇಲಿನ ಕ್ಯಾಬಿನೆಟ್ ಬರುವ ಎತ್ತರದಲ್ಲಿ ಕಂಬಗಳ ನಡುವೆ ಅಡ್ಡಪಟ್ಟಿ ಕೂಡಿಸಿ. ಈಗ ಒಂದು ದಿನದ ಕೆಲಸ, ಆಮೇಲೆ ಎಲ್ಲಿ ಬೇಕಾದರೂ ಸ್ಕ್ರೂ ಹಿಡಿಯುತ್ತದೆ.

ಅದು ಆಗದಿದ್ದರೆ, 18 ಮಿ.ಮೀ. ಪ್ಲೈವುಡ್ಡಿನ ಪಟ್ಟಿಯನ್ನು ಉದ್ದಕ್ಕೂ 45 ಡಿಗ್ರಿ ಓರೆಯಾಗಿ ಸೀಳಿ ಎರಡು ಮಾಡಿ. ಒಂದನ್ನು, ಓರೆ ಅಂಚು ಮೇಲಕ್ಕೆ ಬಂದು ಗೋಡೆ ಬದಿಗೆ ಇಳಿಜಾರಿರುವಂತೆ, ಗೋಡೆಗೆ ಬಿಗಿಯಿರಿ. ಇನ್ನೊಂದನ್ನು ಕ್ಯಾಬಿನೆಟ್ಟಿನ ಬೆನ್ನಿಗೆ ತಿರುಗಿಸಿ ಬಿಗಿದು ಅದರ ಮೇಲೆ ಕೊಕ್ಕೆಯಂತೆ ಕೂರಿಸಿ. ಪ್ರತಿ ಕಂಬಕ್ಕೂ 6×75 ಮಿ.ಮೀ.ನ ಎರಡು ಸ್ಕ್ರೂ ಬೇಕು: ಪಟ್ಟಿ 18, ಬೋರ್ಡ್ 12, ಉಳಿದ 45 ಮಿ.ಮೀ. ಕಂಬದೊಳಗೆ. ಗಟ್ಟಿ ಮರವಾದರೆ ಮೊದಲು 4 ಮಿ.ಮೀ. ರಂಧ್ರ ಕೊರೆಸಿ, ಸ್ಕ್ರೂ ಸುರುಳಿಗೆ ಸೋಪು ಸವರಿ. ಜಿಪ್ಸಂ ಬೋರ್ಡಿಗೆ ಬಳಸುವ ಕಪ್ಪು ಸ್ಕ್ರೂ ಬಳಸಲೇಬೇಡಿ. ಅದು ಗಡುಸು ಉಕ್ಕು, ಅಡ್ಡ ಭಾರಕ್ಕೆ ಬಾಗದೆ ಮುರಿಯುತ್ತದೆ. ನಮ್ಮಲ್ಲಿನ ತೇವಕ್ಕೆ 304 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಒಳ್ಳೆಯದು.

ಕೆಳಗಿನ ಸಾಲಿನಲ್ಲಿ ಗ್ರಾನೈಟ್ ಭಾರವನ್ನು ಗೋಡೆಗೆ ಕೊಡಬೇಡಿ. 20 ಮಿ.ಮೀ. ದಪ್ಪದ ಗ್ರಾನೈಟ್ ಚದರ ಮೀಟರಿಗೆ ಸುಮಾರು 54 ಕಿಲೋ, ಅಂದರೆ 3 ಮೀಟರ್ ಉದ್ದ, 60 ಸೆಂ.ಮೀ. ಅಗಲದ ಕಟ್ಟೆಗೇ ನೂರು ಕಿಲೋ ಹತ್ತಿರ. ನೆಲವೂ ಹಲಗೆಯದಾಗಿದ್ದರೆ ಕ್ಯಾಬಿನೆಟ್ ಕಾಲುಗಳು ಹಲಗೆ ಕೆಳಗಿನ ತೊಲೆಗಳ ನೇರಕ್ಕೇ ಬರಲಿ. ನೆಲದ ಅತಿ ಎತ್ತರದ ಜಾಗದಿಂದ ಮಟ್ಟ ಹಿಡಿದು, ಮೂಲೆಯಿಂದ ಕೆಲಸ ಆರಂಭಿಸಿ. ಉಳಿದೆಡೆ ತಿರುಪು ಕಾಲು ಎತ್ತರಿಸಿ, ಬೆಣೆ ಕೊಟ್ಟು ಸರಿದೂಗಿಸಿ. ಗೋಡೆಗೂ ಕ್ಯಾಬಿನೆಟ್ ಬೆನ್ನಿಗೂ ನಡುವೆ 20 ಮಿ.ಮೀ. ಗಾಳಿ ಜಾಗ ಇರಲಿ, ಇಲ್ಲದಿದ್ದರೆ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬೂಷ್ಟು ಖಚಿತ.

ಪ್ಲೈವುಡ್ ಐಎಸ್ 710 (ಮರೀನ್ ಪ್ಲೈವುಡ್ಡಿನ ಭಾರತೀಯ ಮಾನದಂಡ) ಗುರುತಿನದೇ ಇರಲಿ. ಸಿಂಕ್ ಕೆಳಗೆ ಪಾರ್ಟಿಕಲ್ ಬೋರ್ಡ್ ಬೇಡ, ನೀರು ಕುಡಿದು ಊದಿದರೆ ಮತ್ತೆ ಮೊದಲಿನ ದಪ್ಪಕ್ಕೆ ಬಾರದು. ಪೈಪಿಗಾಗಿ ಕೊರೆದ ತೂತಿನ ಒಳಅಂಚಿಗೂ ಪಾಲಿಶ್ ಅಥವಾ ಸಿಲಿಕೋನ್ ಸವರಿಸಿ, ಕೊಳೆತ ಶುರುವಾಗುವುದು ಅಲ್ಲಿಂದಲೇ. ಕೆಳಗಿನ ಸ್ಕರ್ಟಿಂಗ್ ಪಟ್ಟಿ ಕಳಚಿ ತೆಗೆಯುವಂತಿರಲಿ, ಹಿಂದೆ ಗೆದ್ದಲಿನ ಮಣ್ಣುಗೆರೆ ಬಂದಿದೆಯೇ ಎಂದು ಆಗಾಗ ನೋಡಬೇಕು.

ಪ್ರಶ್ನೆ: ತೇಗದ ಗಟ್ಟಿ ಹಲಗೆಯ ಬಾಗಿಲು ಮಳೆಗಾಲದಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಚು ಹೆರೆಸಲೇ?

ಉತ್ತರ: ಈಗ ಹೆರೆಸಬೇಡಿ, ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಮರ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ, ಅಗಲಕ್ಕೆ ಹಿಗ್ಗುತ್ತದೆ. 400 ಮಿ.ಮೀ. ಅಗಲದ ತೇಗದ ಹಲಗೆಯ ತೇವಾಂಶ ಶೇ 5ರಷ್ಟು ಏರಿದರೆ, ಸೀಳಿದ ರೀತಿಗೆ ತಕ್ಕಂತೆ 2ರಿಂದ 4 ಮಿ.ಮೀ. ವ್ಯತ್ಯಾಸ ಬರುತ್ತದೆ. ಮಳೆ ನಿಂತು ಮರ ಒಣಗಿದ ಮೇಲೂ ತಾಗುತ್ತಿದ್ದರೆ ಮಾತ್ರ ಹೆರೆಸಿ, ಹೆರೆದ ಅಂಚಿಗೆ ಅಂದೇ ಪಾಲಿಶ್ ಹಚ್ಚಿ. ಹೊಸದಾಗಿ ಮಾಡಿಸುವುದಾದರೆ ಚೌಕಟ್ಟು ಮಾಡಿ ನಡುವಿನ ಹಲಗೆಯನ್ನು ಅಂಟು ಹಾಕದೆ ಚೌಕಟ್ಟಿನ ತೋಡಿನಲ್ಲಿ ಸಡಿಲವಾಗಿ ಕೂರಿಸಲು ಹೇಳಿ. ಹಿಗ್ಗು ಕುಗ್ಗು ತೋಡಿನೊಳಗೇ ಮುಗಿಯುತ್ತದೆ, ಹೊರ ಅಳತೆ ಹೆಚ್ಚು ಬದಲಾಗದು.