ಓದುಗರ ಪ್ರಶ್ನೆ: ಪತಿವ್ರತೆಯರ ಕಾವ್ಯದಲ್ಲಿ ಸ್ತ್ರೀವಾದವೇ?

ಪ್ರಶ್ನೆ: ಬ್ರಿಟಿಷರ ಆಳ್ವಿಕೆಯ ಕಾಲದ ನಮ್ಮ ಕವಯಿತ್ರಿಯರು ಸೀತೆ, ಸಾವಿತ್ರಿಯರನ್ನೇ ಹಾಡಿ ಹೊಗಳಿದರು. ಅದನ್ನು ಸ್ತ್ರೀವಾದಿ ಕಾವ್ಯವೆನ್ನುವುದು ಇಂದಿನ ವಿಚಾರವನ್ನು ಅಂದಿನವರ ಮೇಲೆ ಹೇರಿದಂತಲ್ಲವೇ?

ಉತ್ತರ: ಹೆಸರಿನ ಮಟ್ಟಿಗೆ ನಿಮ್ಮ ಆಕ್ಷೇಪ ಸರಿ, ಸರೋಜಿನಿ ನಾಯ್ಡು ಅವರಂತೂ ತಾವು ಸ್ತ್ರೀವಾದಿಯಲ್ಲವೆಂದೇ ಹೇಳಿಕೊಂಡಿದ್ದರು. ಆದರೆ ಪತಿವ್ರತೆಯ ಕಥೆಯನ್ನು ಆರಿಸಿಕೊಂಡವರೆಲ್ಲ ಪಾತಿವ್ರತ್ಯವನ್ನಷ್ಟೇ ಹೇಳುತ್ತಿದ್ದರೆಂದು ತೀರ್ಮಾನಿಸುವಂತಿಲ್ಲ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಕಲ್ಕತ್ತೆಯ ಕವಯಿತ್ರಿ ತೋರು ದತ್ 1877ರಲ್ಲಿ, ಕೇವಲ 21ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಥನಕವನಗಳು ಪುಸ್ತಕವಾಗಿ ಬಂದದ್ದು 1882ರಲ್ಲಿ. ಅಲ್ಲಿನ ಸಾವಿತ್ರಿ ಯಮನ ಬೆನ್ನು ಹತ್ತುವುದಕ್ಕೆ ಬಹಳ ಮೊದಲೇ, ತನಗೆ ಬೇಕೆನಿಸಿದ ಕಡೆಗೆ ತಿರುಗಾಡುವ ಹುಡುಗಿಯಾಗಿ ಕಾಣಿಸಿಕೊಳ್ಳುತ್ತಾಳೆ. ಆ ಪುರಾತನ ಕಾಲದಲ್ಲಿ ಹೆಣ್ಣುಮಕ್ಕಳನ್ನು ಜನಾನಾದೊಳಗೆ ಕೂಡಿಹಾಕುತ್ತಿರಲಿಲ್ಲ ಎಂಬ ಮಾತೂ ಅಲ್ಲೇ ಬರುತ್ತದೆ. ಪುರಾಣವನ್ನು ಹೊಗಳುವ ನೆಪದಲ್ಲಿ ಕವಯಿತ್ರಿ ತನ್ನ ಕಾಲದ ಅಂತಃಪುರದ ಕಡೆಗೇ ಬೆರಳು ತೋರಿಸಿದ್ದಾಳೆ.

ಸರೋಜಿನಿಯವರನ್ನು ಹೀಗೆ ಸಲೀಸಾಗಿ ಒಂದು ಪಕ್ಷಕ್ಕೆ ಸೇರಿಸಲಾಗದು. ಅವರ 1905ರ ಸಂಕಲನದಲ್ಲಿ ಪರದೆಯೊಳಗಿನ ಹೆಣ್ಣಿನ ಸುಖವನ್ನು ಬಣ್ಣಿಸುತ್ತಲೇ ಹೋಗುವ ಪದ್ಯವೊಂದು, ಅನ್ಯರು ಸರಿಸಲಾಗದ ಆ ಪರದೆಯನ್ನು ಕಾಲವೇ ಸರಿಸಿದಾಗ ದುಃಖ ಅವಳ ಮುಖವನ್ನು ನೋಡುತ್ತದೆ ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಅದೇ ಸಂಕಲನದಲ್ಲಿ ಸತಿ ಹೋಗುವವಳ ಮನಸ್ಸನ್ನು ಯಾವ ವಿರೋಧವೂ ಇಲ್ಲದೆ ನುಡಿಸುವ ಕವಿತೆಯೂ ಇದೆ. ಮುಂದೆ 1917ರಲ್ಲಿ ಸ್ತ್ರೀಯರ ಮತದಾನದ ಹಕ್ಕನ್ನು ಕೇಳಲು ಬ್ರಿಟಿಷ್ ಸರ್ಕಾರದ ಭಾರತ ಸಚಿವ ಮಾಂಟೆಗು ಅವರನ್ನು ಕಂಡ ನಿಯೋಗದ ಮುಂದಾಳು ಇವರೇ ಎಂಬುದನ್ನು ನೆನೆದರೆ, ಈ ಇಬ್ಬಂದಿ ಇನ್ನಷ್ಟು ಕಾಡುತ್ತದೆ.

ಎಲ್ಲರೂ ಪತಿವ್ರತೆಯರನ್ನು ಹಾಡಿದರೆಂಬುದೂ ಪೂರ್ತಿ ನಿಜವಲ್ಲ. 1854ರಷ್ಟು ಹಿಂದೆಯೇ ಪ್ರಕಟವಾದ ತಮ್ಮ ಮರಾಠಿ ಸಂಕಲನದಲ್ಲಿ ಸಾವಿತ್ರಿಬಾಯಿ ಫುಲೆ ಓದಿರೆಂದು ನೇರವಾಗಿ ಕರೆ ಕೊಟ್ಟರು. ಇಂಗ್ಲಿಷ್ ವಿದ್ಯೆಯ ಮೇಲೆ ಅವರಿಗಿದ್ದ ಭರವಸೆ ದೊಡ್ಡದು. ಆದರೆ ಆ ವಿದ್ಯೆಯನ್ನು ತಂದ ಬ್ರಿಟಿಷ್ ಆಳ್ವಿಕೆಯ ಇನ್ನೊಂದು ಮುಖ ಗಾಯಕಿ ಬೆಂಗಳೂರು ನಾಗರತ್ನಮ್ಮನವರಿಗೆ ಕಂಡಿತು. 18ನೆಯ ಶತಮಾನದ ಕವಯಿತ್ರಿ ಮುದ್ದುಪಳನಿಯ ತೆಲುಗು ಶೃಂಗಾರಕಾವ್ಯವನ್ನು, ಹಿಂದಿನ ಮುದ್ರಣದಲ್ಲಿ ಕೈಬಿಟ್ಟಿದ್ದ ಪದ್ಯಗಳನ್ನೂ ಸೇರಿಸಿ, ಅವರು 1910ರಲ್ಲಿ ಹೊರತಂದರು. ಹೆಣ್ಣೊಬ್ಬಳು ತನ್ನ ಬಯಕೆಯನ್ನು ಮರೆಯಿಲ್ಲದೆ ಹೇಳಿಕೊಂಡ ಆ ಪುಸ್ತಕ ಅಶ್ಲೀಲವೆಂದು ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ನಿಷೇಧ ತೆರವಾಗಲು 1947 ಬರಬೇಕಾಯಿತು.