ಫ್ರೇಮ್ ರಿಲೇ ಮೇಲೆ ಪಿಂಗ್ ಹೋಗುತ್ತದೆ, ಓಎಸ್‌ಪಿಎಫ್ ನೇಬರ್ ಮಾತ್ರ ಬರುತ್ತಿಲ್ಲ, ಯಾಕೆ?

ಬಳ್ಳಾರಿ ಹೆಡ್ ಆಫೀಸಿನಿಂದ ರಾಯಚೂರು, ಕೊಪ್ಪಳ ಬ್ರಾಂಚ್‌ಗಳಿಗೆ ಫ್ರೇಮ್ ರಿಲೇ (ಟೆಲಿಕಾಂ ಕಂಪನಿಯ ಹಳೆಯ ಥರದ ಲೈನ್) ಮೇಲೆ ಒಂದೊಂದು ಪಿವಿಸಿ (ಎರಡು ಕಡೆ ನಡುವಿನ ಕಾಯಂ ವರ್ಚುವಲ್ ದಾರಿ), ಮೂರೂ ಕಡೆ ಸಿಸ್ಕೋ ರೂಟರ್ ಅಂತ ಬರೆದಿದ್ದೀರಿ. ಬಳ್ಳಾರಿಯಿಂದ ಎರಡೂ ಕಡೆ ಪಿಂಗ್ ಹೋಗುತ್ತಿದೆ ಅಂದರೆ ಡಿಎಲ್‌ಸಿಐ (ಪಿವಿಸಿಯನ್ನು ಗುರುತಿಸುವ ನಂಬರ್) ಸರಿ ಇದೆ. ಅದನ್ನು ಮುಟ್ಟಬೇಡಿ.

ಫ್ರೇಮ್ ರಿಲೇ ಇಂಟರ್‌ಫೇಸ್ ಮೇಲೆ ಓಎಸ್‌ಪಿಎಫ್ (ರೂಟರ್‌ಗಳು ತಮ್ಮತಮ್ಮಲ್ಲಿ ದಾರಿಗಳ ಮಾಹಿತಿ ಹಂಚಿಕೊಳ್ಳುವ ಪ್ರೋಟೋಕಾಲ್) ತಾನಾಗಿಯೇ ನಾನ್-ಬ್ರಾಡ್‌ಕಾಸ್ಟ್ ಮೋಡ್ ಹಿಡಿಯುತ್ತದೆ. ಅಲ್ಲಿ ನೇಬರ್ ಹುಡುಕುವ ಹಲೋ ಪ್ಯಾಕೆಟ್ 224.0.0.5ಕ್ಕೆ (ಎಲ್ಲ ಓಎಸ್‌ಪಿಎಫ್ ರೂಟರ್‌ಗಳಿಗೂ ತಲುಪುವ ಮಲ್ಟಿಕಾಸ್ಟ್ ವಿಳಾಸ) ಹೋಗಲ್ಲ. ಯಾರಿಗೆ ಕಳಿಸಬೇಕು ಅಂತ ನೀವೇ ಹೇಳಬೇಕು. ಬಳ್ಳಾರಿ ರೂಟರ್‌ನ ಓಎಸ್‌ಪಿಎಫ್ ಕಾನ್ಫಿಗ್‌ನಲ್ಲಿ ನೇಬರ್ ಕಮಾಂಡ್ ಕೊಟ್ಟು ಎರಡೂ ಬ್ರಾಂಚ್‌ಗಳ ಐಪಿ ಹಾಕಿ. ಹಾಕಿದ ಕೂಡಲೇ ಬರಲಿಲ್ಲ ಅಂತ ಗಾಬರಿಯಾಗಬೇಡಿ. ಇಲ್ಲಿ ಹಲೋ 30 ಸೆಕೆಂಡಿಗೊಮ್ಮೆ, ಡೆಡ್ ಟೈಮರ್ (ಅಷ್ಟು ಹೊತ್ತು ಹಲೋ ಬರದಿದ್ದರೆ ನೇಬರ್ ಹೋಯಿತು ಅಂತ ಲೆಕ್ಕ) 120 ಸೆಕೆಂಡ್. ಎರಡು-ಮೂರು ನಿಮಿಷ ಸುಮ್ನೆ ಬಿಡಿ.

ಆಮೇಲೆ ತಪ್ಪದೆ ಮಾಡಬೇಕಾದದ್ದು: ಎರಡೂ ಬ್ರಾಂಚ್ ಇಂಟರ್‌ಫೇಸ್‌ಗಳಲ್ಲಿ ಓಎಸ್‌ಪಿಎಫ್ ಪ್ರಯಾರಿಟಿ 0 ಇಡಿ, ಆಗ ಅವು ಡಿಆರ್ (ಎಲ್ಲರಿಗೂ ರೂಟ್ ಮಾಹಿತಿ ಹಂಚುವ ಮುಖ್ಯ ರೂಟರ್) ಆಗಲ್ಲ. ನಾನೂ ಇದೇ ಊರುಗಳ ನೆಟ್‌ವರ್ಕ್‌ನಲ್ಲಿ ಇದನ್ನು ಬಿಟ್ಟು ಒಂದಿಡೀ ಮಧ್ಯಾಹ್ನ ಒದ್ದಾಡಿದ್ದೇನೆ. ಬಳ್ಳಾರಿಯಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟಿತು, ರೂಟರ್ ಆಫ್ ಆಯಿತು. ಅಷ್ಟರಲ್ಲಿ ಎರಡೂ ಬ್ರಾಂಚ್ ತಾನೇ ಡಿಆರ್ ಅಂದುಕೊಂಡು ಕೂತಿದ್ದವು. ಬಳ್ಳಾರಿ ಮತ್ತೆ ಆನ್ ಆದಾಗ ಕೊಪ್ಪಳವನ್ನೇ ಡಿಆರ್ ಅಂತ ಒಪ್ಪಿಕೊಂಡಿತು. ಬಳ್ಳಾರಿಯಲ್ಲಿ ನೋಡಿದರೆ ನೇಬರ್ ‘ಫುಲ್’ (ಪೂರ್ತಿ ಜೋಡಣೆಯಾಗಿದೆ), ರಾಯಚೂರಿನ ಟೇಬಲ್‌ನಲ್ಲಿ ಒಂದೂ ಓಎಸ್‌ಪಿಎಫ್ ರೂಟ್ ಇಲ್ಲ! ಡಿಆರ್ ಜೊತೆ ಎಲ್ಲರೂ ನೇರ ಮಾತಾಡಬೇಕು. ರಾಯಚೂರಿಗೂ ಕೊಪ್ಪಳಕ್ಕೂ ನಡುವೆ ಪಿವಿಸಿಯೇ ಇಲ್ಲ ಅಲ್ವಾ?

ಇದೇ ಕಾರಣಕ್ಕೆ ಇನ್ನೊಂದು ತೊಂದರೆಯೂ ಬರುತ್ತದೆ. ರಾಯಚೂರಿನಲ್ಲಿ ಕೊಪ್ಪಳದ ರೂಟ್ ಕಾಣುತ್ತದೆ, ಪಿಂಗ್ ಹೋಗಲ್ಲ. ಆ ರೂಟ್‌ನ ನೆಕ್ಸ್ಟ್ ಹಾಪ್ (ಪ್ಯಾಕೆಟ್ ಮುಂದೆ ಕಳಿಸಬೇಕಾದ ರೂಟರ್) ಕೊಪ್ಪಳದ ಐಪಿಯೇ ಆಗಿರುತ್ತದೆ. ರಸ್ತೆಯಲ್ಲಾದರೆ ಸಿಂಧನೂರು, ಗಂಗಾವತಿ ಹಿಡಿದು ಹೋಗಬಹುದು. ಇಲ್ಲಿ ಬಳ್ಳಾರಿ ಹಾದೇ ಹೋಗಬೇಕು, ಅದು ರೂಟರ್‌ಗೆ ಗೊತ್ತಿಲ್ಲ. ಅದಕ್ಕೆ ರಾಯಚೂರಿನಲ್ಲಿ ಕೊಪ್ಪಳದ ಐಪಿಗೂ ಒಂದು ಫ್ರೇಮ್-ರಿಲೇ ಮ್ಯಾಪ್ (ಯಾವ ಐಪಿಗೆ ಯಾವ ಡಿಎಲ್‌ಸಿಐ ಅಂತ ಹೇಳುವ ಕಮಾಂಡ್) ಹಾಕಿ, ಬಳ್ಳಾರಿಗೆ ಹೋಗುವ ಡಿಎಲ್‌ಸಿಐಯನ್ನೇ ಕೊಡಿ. ಕೊಪ್ಪಳದಲ್ಲೂ ಹಾಗೇ.

ನನ್ನನ್ನು ಕೇಳಿದರೆ, ಎರಡೇ ಬ್ರಾಂಚ್ ಇರುವಾಗ ಇಷ್ಟೆಲ್ಲ ಬೇಡ. ಪ್ರತಿ ಪಿವಿಸಿಗೆ ಒಂದು ಪಾಯಿಂಟ್-ಟು-ಪಾಯಿಂಟ್ ಸಬ್‌ಇಂಟರ್‌ಫೇಸ್ (ಒಂದೇ ಇಂಟರ್‌ಫೇಸ್ ಒಳಗಿನ ಲಾಜಿಕಲ್ ಭಾಗ) ಮಾಡಿ, ಬೇರೆ ಬೇರೆ /30 ಸಬ್‌ನೆಟ್ (ಎರಡು ರೂಟರ್‌ಗಳಿಗಷ್ಟೇ ಐಪಿ ಸಾಲುವಂಥದ್ದು) ಕೊಡಿ. ಡಿಆರ್ ಇಲ್ಲ, ನೇಬರ್ ಕಮಾಂಡ್ ಇಲ್ಲ, ಮ್ಯಾಪ್ ಕೂಡ ಇಲ್ಲ. ನಾನು ಕೊನೆಗೆ ಇದನ್ನೇ ಮಾಡಿದ್ದು. ಆದರೆ ಬ್ರಾಂಚ್ ಕಡೆಯೂ ಅದೇ ಥರದ ಸಬ್‌ಇಂಟರ್‌ಫೇಸ್ ಇರಲಿ. ಇದರಲ್ಲಿ ಹಲೋ 10 ಸೆಕೆಂಡ್. ಆ ಕಡೆ 30 ಉಳಿದರೆ ನೇಬರ್ ಬರುವುದೇ ಇಲ್ಲ.